ಹತ್ತಕ್ಕೆ ಎಷ್ಟು

ಆ ಮನೆಯಲ್ಲಿ ನಾನು ಮಾಡಿದ ಮೊದಲ ಕೆಲಸ ಹಳೆಯ ದಿನಪತ್ರಿಕೆ ಹುಡುಕಿಕೊಟ್ಟದ್ದು. ನರ್ಸ್ ಬಾಗಿಲಲ್ಲೇ ನಿಂತು ಕೇಳಿದರು. ಮನೆಮನೆಗೆ ಹೋಗುವ ನರ್ಸ್‌ಗಳು ತಮ್ಮ ಚೀಲವನ್ನು ಬರಿನೆಲದ ಮೇಲೆ ಇಡುವುದಿಲ್ಲ. ಒಂದು ಹಾಳೆ ಹಾಸಿ ಅದರ ಮೇಲೆ ಇಡುತ್ತಾರೆ, ಹೊರಡುವಾಗ ಅದನ್ನು ಮಡಚಿ ಎಸೆಯುತ್ತಾರೆ. ಅವರು ತಂದಿದ್ದ ಹಾಳೆಗಳು ಹಿಂದಿನ ಮನೆಯಲ್ಲೇ ಮುಗಿದಿದ್ದವು.

"ಏನಮ್ಮ, ಪೇಪರ್‌ನಲ್ಲಿ ಕೆಲಸ ಮಾಡ್ತಿದ್ದೆ ಅಂತ ಫೋನಲ್ಲಿ ಅಂದ್ಯಲ್ಲ," ಎಂದು ಒಳಗಿನ ಮಂಚದಿಂದ ದನಿ ಬಂತು. "ಈಗಲಾದ್ರೂ ಒಂದು ಪೇಪರ್ ಉಪಯೋಗಕ್ಕೆ ಬಂತು ಬಿಡು."

ಕೊರೋನಾ ಸೋಂಕಿನ ಎರಡನೆಯ ಬೇಸಿಗೆ ಅದು. ಕ್ಯೋಟೋದ ಉತ್ತರಕ್ಕೆ, ವಿದೇಶಿ ಸಂಶೋಧಕರು ಇರುವ ಒಂದು ವಸತಿಗೃಹದ ಮೂರನೇ ಮಹಡಿ. ಮಂಚದಲ್ಲಿದ್ದವರು ತುಮಕೂರಿನ ಪ್ರೌಢಶಾಲೆಯೊಂದರಲ್ಲಿ ಬಹುಕಾಲ ಗಣಿತ ಕಲಿಸಿ, ಸ್ವಇಚ್ಛೆಯ ನಿವೃತ್ತಿ ಪಡೆದು, ವಿಶ್ವವಿದ್ಯಾಲಯದಲ್ಲಿ ಸಂಶೋಧಕರಾಗಿದ್ದ ಗಂಡನ ಜೊತೆ ಇರಲು ಬಂದವರು. ಬಂದ ಮರುವರ್ಷವೇ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಪತ್ತೆಯಾಯಿತು. ಊರಿಗೆ ಹೋಗೋಣವೆಂದರೆ ಆಕೆಗೆ ಅಷ್ಟು ದೂರದ ವಿಮಾನಯಾನ ತಡೆಯುವ ಶಕ್ತಿ ಇರಲಿಲ್ಲ. ಊರಿನಿಂದ ತಂಗಿಯನ್ನು ಕರೆಸೋಣವೆಂದರೆ ಜಪಾನ್ ಬಾಗಿಲು ಹಾಕಿತ್ತು. ಆಸ್ಪತ್ರೆಯಲ್ಲಿ ಉಳಿಯಬಹುದಿತ್ತು, ಆದರೆ ಆಗ ಆಸ್ಪತ್ರೆಗಳು ಯಾರನ್ನೂ ನೋಡಲು ಬಿಡುತ್ತಿರಲಿಲ್ಲ. ಗಂಡ ಕೂಡ ಬಟ್ಟೆಯ ಚೀಲವನ್ನು ಕೆಳಗಿನ ಕೌಂಟರಿನಲ್ಲಿ ಕೊಟ್ಟು ಹಿಂತಿರುಗಬೇಕಿತ್ತು. ಒಂದು ವಾರ ಹಾಗೆ ಕಳೆದ ಮೇಲೆ ಆಕೆ ಮನೆಗೆ ಹೋಗುತ್ತೇನೆಂದು ಹೇಳಿದರು. ಮನೆಯಲ್ಲೇ, ಗಂಡನ ಎದುರಿಗೇ ಮುಗಿಯಬೇಕು ಎಂಬುದು ಅವರ ತೀರ್ಮಾನ. ಮನೆಗೇ ಬಂದು ನೋಡುವ ಡಾಕ್ಟರೊಬ್ಬರು ಅದಕ್ಕೆ ಒಪ್ಪಿದ್ದರು.

ನಾನು ಅಲ್ಲಿಗೆ ಹೋದದ್ದು ದುಭಾಷಿಯಾಗಿ. ಆಕೆಯನ್ನು ನಾನು ಮೇಡಂ ಎಂದೇ ಕರೆಯುತ್ತಿದ್ದೆ. ಮೇಡಂಗೆ ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು, ಆದರೆ ನೋವು ಬಂದಾಗ ಕನ್ನಡ ಬಿಟ್ಟು ಬೇರೆ ಏನೂ ಬರುತ್ತಿರಲಿಲ್ಲ. ನರ್ಸ್‌ಗೆ ಇಂಗ್ಲಿಷ್ ಕಷ್ಟ. ವೈದ್ಯಕೀಯ ದುಭಾಷಿಗೆ ಕಲಿಸುವ ಮೊದಲ ನಿಯಮ, ಹೇಳಿದ್ದನ್ನು ಹೇಳು, ಏನನ್ನೂ ಸೇರಿಸಬೇಡ, ಏನನ್ನೂ ಬಿಡಬೇಡ, ಸಲಹೆ ಕೊಡಬೇಡ. ವರದಿಗಾರಿಕೆಯಲ್ಲಿ ನಾನು ಕಲಿತದ್ದೂ ಹೆಚ್ಚುಕಡಿಮೆ ಅದೇ ಆಗಿದ್ದರಿಂದ ಕಷ್ಟವೆನಿಸಿರಲಿಲ್ಲ.

ಮೇಡಂ ಕೊರಳಲ್ಲಿ ರವಿಕೆ ಬಟ್ಟೆಯಲ್ಲಿ ಹೊಲಿದ ಒಂದು ಚೀಲ ತೂಗುತ್ತಿತ್ತು. ಅದರೊಳಗೆ ಸಣ್ಣ ಟ್ರಾನ್ಸಿಸ್ಟರಿನಷ್ಟು ದೊಡ್ಡ ಪಂಪ್. ಮಾರ್ಫಿನ್ ಜಾತಿಯ ನೋವಿನ ಔಷಧಿಯನ್ನು ಅದು ತೆಳುವಾದ ನಳಿಕೆಯ ಮೂಲಕ ಹೊಟ್ಟೆಯ ಚರ್ಮದ ಕೆಳಗೆ ಹಗಲೂ ರಾತ್ರಿ ಹನಿಸುತ್ತಿತ್ತು. "ತಾಳಿಗಿಂತ ಇದೇ ಭಾರ ಕಣ್ರೀ," ಎಂದು ಅವರು ಗಂಡನಿಗೆ ಹೇಳಿದ್ದನ್ನು ನಾನು ಅನುವಾದಿಸಬೇಕೋ ಬೇಡವೋ ಎಂದು ಯೋಚಿಸಿ, ಅನುವಾದಿಸಿದೆ. ನರ್ಸ್ ಮಾಸ್ಕಿನ ಒಳಗೇ ನಕ್ಕರು.

ಆ ಪಂಪಿನ ವೇಗ ಹೆಚ್ಚಿಸುವುದು ಎರಡು ಬಟನ್‌ಗಳ ಕೆಲಸ. ಯಾವಾಗ, ಎಷ್ಟು, ಯಾರು ಎಂಬುದು ಬೇರೆಯೇ ವಿಷಯ. ಈ ನರ್ಸ್ ವಾರ್ಡುಗಳಲ್ಲಿ ದುಡಿದ ಮೇಲೆ ಮತ್ತೆ ಓದಲು ಹೋಗಿ ಸ್ನಾತಕೋತ್ತರ ತರಬೇತಿ ಮುಗಿಸಿದ್ದವರು. ಇಷ್ಟು ಓದಿದ ನರ್ಸ್ ತಮ್ಮ ಸಹಿಯಲ್ಲೇ ಔಷಧಿ ಬರೆಯಬಹುದಾದ ದೇಶಗಳಿವೆ. ಜಪಾನಿನಲ್ಲಿ ಹಾಗಿಲ್ಲ. ಇಲ್ಲಿ ಔಷಧಿಯ ತೀರ್ಮಾನ ಡಾಕ್ಟರದ್ದು. ನರ್ಸ್ ಎಷ್ಟೇ ಓದಿದ್ದರೂ ಡಾಕ್ಟರು ಮುಂಚಿತವಾಗಿ ಬರೆದುಕೊಟ್ಟ ಆದೇಶದ ಒಳಗೇ ನಡೆಯಬೇಕು. ಅದಕ್ಕೆ ಜಪಾನಿನವರು ಮಾತುಕೊಟ್ಟ ಆದೇಶ ಎಂಬ ಅರ್ಥದ ಹೆಸರಿಟ್ಟಿದ್ದಾರೆ. ಹೀಗಾದರೆ ಹೀಗೆ ಮಾಡಿ ಎಂದು ಡಾಕ್ಟರು ಮೊದಲೇ ಕೊಡುವ ಮಾತು.

ಮೇಡಂ ವಿಷಯದಲ್ಲಿ ಆ ಮಾತು ಹೀಗಿತ್ತು. ನೋವು ಹತ್ತಕ್ಕೆ ನಾಲ್ಕು ಅಥವಾ ಹೆಚ್ಚು ಎಂದು ರೋಗಿ ಹೇಳಿದರೆ ಪಂಪನ್ನು ಒಂದು ಹಂತ ಏರಿಸಬಹುದು. ಮೂರು ಹಂತದವರೆಗೆ ನರ್ಸ್ ಏರಿಸಬಹುದು. ಅದರಾಚೆಗೆ ಡಾಕ್ಟರನ್ನು ಕೇಳಬೇಕು.

ನರ್ಸ್ ದಿನವೂ ಕೈ ತೊಳೆದು, ಗೌನು ಹಾಕಿಕೊಂಡು, ಮಂಚದ ಪಕ್ಕ ಮಂಡಿಯೂರಿ ಅದೇ ಪ್ರಶ್ನೆ ಕೇಳುತ್ತಿದ್ದರು. ಸೊನ್ನೆ ಎಂದರೆ ನೋವಿಲ್ಲ, ಹತ್ತು ಎಂದರೆ ಊಹಿಸಬಹುದಾದ ಅತಿ ಕೆಟ್ಟ ನೋವು. ಈಗ ಹತ್ತಕ್ಕೆ ಎಷ್ಟು?

"ಮೂರು," ಎನ್ನುತ್ತಿದ್ದರು ಮೇಡಂ.

ನಾನು ಮೂರು ಎಂದು ಹೇಳುತ್ತಿದ್ದೆ. ನರ್ಸ್ ಮೂರು ಎಂದು ಬರೆದುಕೊಳ್ಳುತ್ತಿದ್ದರು. ಮೂರಕ್ಕೆ ಪಂಪ್ ಏರಿಸುವ ಹಾಗಿಲ್ಲ. ಪಂಪಿನಲ್ಲೇ ಇನ್ನೊಂದು ಗುಂಡಿ ಇತ್ತು. ನೋವು ಹೆಚ್ಚಾದಾಗ ರೋಗಿಯೇ ಒತ್ತಿ ಒಂದಿಷ್ಟು ಹೆಚ್ಚುವರಿ ಔಷಧಿ ಪಡೆಯಬಹುದು. ಆಕೆ ಅದನ್ನೂ ಒತ್ತುತ್ತಿರಲಿಲ್ಲ. "ಒಂದ್ಸಲ ಒತ್ತಿದ್ರೆ ಮನಸ್ಸು ಆ ಕಡೆನೇ ಹೋಗ್ತಿರುತ್ತೆ," ಎನ್ನುತ್ತಿದ್ದರು.

ನಾಲ್ಕನೆಯ ದಿನವೋ ಐದನೆಯ ದಿನವೋ, ಹೊದಿಕೆಯ ಅಂಚು ಆಕೆಯ ಮುಷ್ಟಿಯಲ್ಲಿತ್ತು. ಮೇಲ್ತುಟಿಯ ಮೇಲೆ ಬೆವರು ಕೂತಿತ್ತು. ಮಾತಿನ ನಡುವೆ ಉಸಿರು ಕಟ್ಟುತ್ತಿತ್ತು. ಎಷ್ಟು ಎಂದು ಕೇಳಿದಾಗ ಮತ್ತೆ ಮೂರು ಬಂತು. ನರ್ಸ್ ಬರೆಯಲಿಲ್ಲ. ಪೆನ್ನನ್ನು ಕೆಳಗಿಟ್ಟು ನನ್ನ ಕಡೆ ತಿರುಗಿ, ರೋಗಿಯ ಮುಂದೆಯೇ, ನಿಧಾನವಾಗಿ ಕೇಳಿದರು. "ಈ ಪ್ರಶ್ನೆ ನಿಮಗೆ. ಇವರ ಊರಿನಲ್ಲಿ ಹತ್ತಕ್ಕೆ ಮೂರು ಎಂದರೆ ಏನು?"

ನನ್ನನ್ನೇ ಕೇಳಿದ್ದರಿಂದ ಉತ್ತರಿಸುವುದು ನಿಯಮದ ಒಳಗೇ ಇತ್ತು. ಆದರೂ ಮೊದಲು ಪ್ರಶ್ನೆಯನ್ನು ಮೇಡಂಗೆ ಕನ್ನಡದಲ್ಲಿ ಹೇಳಿದೆ. ನೀವೇ ಹೇಳುತ್ತೀರಾ, ನಾನು ಹೇಳಲೇ ಎಂದೆ.

ಆಕೆ ಕಣ್ಣು ಮುಚ್ಚಿಕೊಂಡೇ ಹೇಳಿದರು. "ಎಷ್ಟೋ ವರ್ಷ ಎಸ್ಸೆಸ್ಸೆಲ್ಸಿ ಪೇಪರ್ ವ್ಯಾಲ್ಯುಯೇಶನ್ ಮಾಡಿದೀನಿ. ಕ್ಯಾಂಪಲ್ಲಿ ನನ್ನ ಬಂಡಲ್ ಬಂದ್ರೆ ಮಕ್ಕಳ ಗ್ರಹಚಾರ ಅನ್ನೋರು. ಹತ್ತಕ್ಕೆ ಹತ್ತು ಯಾರಿಗೂ ಸುಮ್ನೆ ಕೊಟ್ಟೋಳಲ್ಲ ನಾನು. ಕೂಗಾಡಿದ್ರೆ ಐದು. ಜ್ಞಾನ ತಪ್ಪಿದ್ರೆ ಏಳು. ಹತ್ತು ಅಂದ್ರೆ ಹೇಳೋಕೆ ನಾನೇ ಇರಲ್ಲ."

"ಮೂರು?" ಎಂದು ನಾನು ಕೇಳಿದೆ.

"ಮೂರು ಅಂದ್ರೆ ತಡ್ಕೊಂಡಿದೀನಿ ಅಂತ."

ಗಂಡ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. "ಮೂವತ್ತೈದಕ್ಕೆ ಪಾಸು ನಮ್ಮಲ್ಲಿ," ಎಂದು ಇಂಗ್ಲಿಷಿನಲ್ಲಿ ನರ್ಸ್‌ಗೆ ವಿವರಿಸಲು ಹೋಗಿ ಅರ್ಧಕ್ಕೆ ಬಿಟ್ಟರು. ಮೇಡಂ ಆ ಕಡೆ ತಿರುಗಲೂ ಇಲ್ಲ. "ನೀವು ಸುಮ್ನಿರ್ರೀ, ನಿಮಗೆ ಯಾವತ್ತೂ ಗ್ರೇಸ್ ಮಾರ್ಕ್ಸೇ."

ನಾನು ಎಲ್ಲವನ್ನೂ, ಗ್ರೇಸ್ ಮಾರ್ಕ್ಸನ್ನೂ ಸೇರಿಸಿ, ಜಪಾನಿ ಭಾಷೆಗೆ ಹಾಕಿದೆ. ನರ್ಸ್ ಎದ್ದು ಬಾಲ್ಕನಿಗೆ ಹೋಗಿ ಡಾಕ್ಟರಿಗೆ ಫೋನ್ ಮಾಡಿದರು. ಡಾಕ್ಟರು ಆಗ ಇನ್ನೊಂದು ಮನೆಯಲ್ಲಿ ಸೋಂಕಿತರನ್ನು ನೋಡಿ, ಕಾರಿನಲ್ಲಿ ಕೂತು ರಕ್ಷಣಾ ಉಡುಪು ಬಿಚ್ಚುತ್ತಿದ್ದರಂತೆ. ಷರತ್ತು ಬದಲಿಸಬೇಕು ಎಂದು ನರ್ಸ್ ಕೇಳಿದರು. ಸಂಖ್ಯೆ ಒಂದನ್ನೇ ನಂಬುವಂತಿಲ್ಲ, ಈ ರೋಗಿಯ ಅಳತೆಗೋಲು ಬೇರೆ ಇದೆ ಎಂದರು. ಡಾಕ್ಟರು ಒಂದೆರಡು ಪ್ರಶ್ನೆ ಕೇಳಿ ಒಪ್ಪಿದರು. ಸಂಜೆಯ ಹೊತ್ತಿಗೆ ಹೊಸ ಆದೇಶ ಬಂತು. ನಾಲ್ಕು ಅಥವಾ ಹೆಚ್ಚು, ಇಲ್ಲವೇ ಮುಖಭಾವ, ಉಸಿರಾಟ, ಕೈಕಾಲಿನ ಚಲನೆ ನೋಡಿ ನೋವು ತೀವ್ರವಾಗಿದೆ ಎಂದು ನರ್ಸ್ ತೀರ್ಮಾನಿಸಿದರೆ ಪಂಪ್ ಏರಿಸಬಹುದು. ಹಂತಗಳ ಮಿತಿ ಮೊದಲಿನಂತೆಯೇ ಇತ್ತು.

ಮಾರನೆಯ ದಿನ ಮೇಡಂ ಮೂರು ಎಂದಾಗ ನರ್ಸ್ ಮೂರು ಎಂದು ಬರೆದು, ಪಕ್ಕದಲ್ಲಿ ತಾವು ನೋಡಿದ್ದನ್ನೂ ಬರೆದು, ಪಂಪನ್ನು ಒಂದು ಹಂತ ಏರಿಸಿದರು. ಆ ಮಧ್ಯಾಹ್ನ ಆಕೆ ನಿದ್ದೆ ಮಾಡಿದರು. ಎದ್ದ ಮೇಲೆ ಅನ್ನ, ಸಾರು ಕೇಳಿದರು. ಎರಡು ಚಮಚ ತಿಂದು, "ಸಾರಿಗೆ ಎಷ್ಟು ಕೊಡ್ತೀಯ?" ಎಂದು ಗಂಡ ಕೇಳಿದಾಗ, "ಸ್ಟೆಪ್ ಮಾರ್ಕ್ಸ್ ಕೊಡಬಹುದು, ಪೂರ್ತಿ ಕೊಡೋಕಾಗಲ್ಲ," ಎಂದರು. ಒಂದು ವಾರದಷ್ಟು ಕಾಲ ಹೀಗೆ ನಡೆಯಿತು. ಆ ವಾರದಲ್ಲಿ ಆಕೆ ತಂಗಿಯ ಜೊತೆ ವಿಡಿಯೋದಲ್ಲಿ ಮಾತಾಡಿದರು, ಯಾವ ಸೀರೆ ಯಾರಿಗೆ ಎಂದು ಹೇಳಿ ಮುಗಿಸಿದರು, ಗಂಡನಿಗೆ ವಾಷಿಂಗ್ ಮಷೀನಿನ ಮೇಲಿನ ಜಪಾನಿ ಅಕ್ಷರಗಳನ್ನು ಕಲಿಸಿದರು.

ಆಮೇಲೆ ಡಾಕ್ಟರಿಗೇ ಸೋಂಕು ತಗಲಿತು.

ನಮಗೆ ಅದು ತಿಳಿದದ್ದು ಬೆಳಿಗ್ಗೆ. ಅವರು ಒಬ್ಬರೇ ನಡೆಸುತ್ತಿದ್ದ ಕ್ಲಿನಿಕ್ ಅದು. ರಾತ್ರಿ ಜ್ವರ ಏರಿ ಅವರನ್ನು ಆಸ್ಪತ್ರೆಗೆ ಸೇರಿಸಿದ್ದರು, ಫೋನಿನಲ್ಲಿ ಮಾತಾಡುವ ಸ್ಥಿತಿ ಇರಲಿಲ್ಲ. ಅವರ ರೋಗಿಗಳನ್ನು ನೋಡಿಕೊಳ್ಳಲು ಪಕ್ಕದ ಬಡಾವಣೆಯ ಇನ್ನೊಬ್ಬ ಡಾಕ್ಟರು ಒಪ್ಪಿದ್ದರು. ಮೇಡಂ ನೋವು ಜಾಸ್ತಿಯಾದದ್ದೂ ಅದೇ ದಿನ. ಪಂಪ್ ಆಗಲೇ ಮೂರನೆಯ ಹಂತದಲ್ಲಿತ್ತು, ನರ್ಸ್ ಏರಿಸಬಹುದಾದ ಕೊನೆಯ ಹಂತ. ಆಕೆ ಮೊದಲ ಸಲ ತಾವಾಗಿಯೇ ಗುಂಡಿ ಒತ್ತಿದರು. ಸ್ವಲ್ಪ ಹೊತ್ತು ತಡೆಯಿತು, ಮತ್ತೆ ಬಂತು. ಮತ್ತೆ ಒತ್ತಿದರು. ಅತಿಯಾಗಿ ಹೋಗದಂತೆ ಯಂತ್ರ ನಡುವೆ ಸ್ವಲ್ಪ ಕಾಲ ಬೀಗ ಹಾಕಿಕೊಳ್ಳುತ್ತದೆ. ಬೀಗ ಬಿದ್ದಿದ್ದಾಗಲೂ ಆಕೆಯ ಹೆಬ್ಬೆರಳು ಗುಂಡಿಯ ಮೇಲೇ ಇತ್ತು.

ನರ್ಸ್ ಪ್ರಶ್ನೆ ಕೇಳಿದರು.

"ಐದು," ಎಂದರು ಮೇಡಂ.

ನಾನು ಅದನ್ನು ಹೇಳಿದಾಗ ನರ್ಸ್ ಒಂದು ಕ್ಷಣ ನನ್ನ ಮುಖವನ್ನೇ ನೋಡಿದರು. ನಂತರ ಬದಲಿ ಡಾಕ್ಟರಿಗೆ ಫೋನ್ ಮಾಡಿದರು. ಅವರು ಲಸಿಕೆ ಕೇಂದ್ರದಲ್ಲಿ ಕರ್ತವ್ಯದಲ್ಲಿದ್ದರು. ನರ್ಸ್ ಸಂಕ್ಷಿಪ್ತವಾಗಿ ಎಲ್ಲ ವಿವರ ಕೊಟ್ಟರು. ಈಗಿನ ವೇಗ, ಎಷ್ಟು ಸಲ ಗುಂಡಿ ಒತ್ತಿದ್ದಾರೆ, ಉಸಿರಾಟ ಹೇಗಿದೆ, ಎಚ್ಚರ ಹೇಗಿದೆ. ಮುಂದಿನ ಹಂತಕ್ಕೆ ಏರಿಸಲು ಆದೇಶ ಕೊಡಿ ಎಂದು ಕೇಳಿದರು. ಫೋನ್ ಸ್ಪೀಕರಿನಲ್ಲಿದ್ದುದರಿಂದ ಉತ್ತರ ನನಗೂ ಕೇಳಿಸಿತು. ಆ ದನಿಯಲ್ಲಿ ಒರಟುತನ ಇರಲಿಲ್ಲ.

"ಆ ರೋಗಿಯನ್ನು ನಾನು ಒಮ್ಮೆಯೂ ನೋಡಿಲ್ಲ. ನಾನೇ ಪರೀಕ್ಷಿಸದೆ ಮಾರ್ಫಿನ್ ಜಾತಿಯ ಔಷಧಿ ಹೆಚ್ಚಿಸುವುದು ಆಗುವುದಿಲ್ಲ. ಇಲ್ಲಿ ಸಾಲು ಮುಗಿದ ತಕ್ಷಣ ಬರುತ್ತೇನೆ. ದಯವಿಟ್ಟು ಅಲ್ಲಿಯವರೆಗೆ ನೋಡಿಕೊಳ್ಳಿ."

ಕಾನೂನು ಇರುವುದೇ ಹಾಗೆ. ಕಾಣದ ರೋಗಿಗೆ ಔಷಧಿ ಬರೆಯಬಾರದು ಎಂಬ ನಿಯಮ ಒಂದು ಕಾಲದಲ್ಲಿ ಯಾರನ್ನೋ ಉಳಿಸಲೆಂದೇ ಬಂದಿರಬೇಕು. ಲಸಿಕೆ ಕೇಂದ್ರ ಬಿಟ್ಟು ಬನ್ನಿ ಎಂದು ಹೇಳುವ ಅಧಿಕಾರ ಆ ಕೋಣೆಯಲ್ಲಿದ್ದ ಯಾರಿಗೂ ಇರಲಿಲ್ಲ. ಹೊರಗೆ ಇನ್ನೂ ಮಧ್ಯಾಹ್ನದ ಬಿಸಿಲು.

ಗಂಡ ನನ್ನ ಹತ್ತಿರ ಬಂದರು. ಅಲ್ಲಿಯವರೆಗೆ ಅವರು ಅಷ್ಟು ಹತ್ತಿರ ನಿಂತು ಮಾತಾಡಿದ್ದೇ ಇಲ್ಲ, ಎರಡು ಮೀಟರ್ ಅಂತರವನ್ನು ಅಷ್ಟು ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದವರು. "ಕೇಳಮ್ಮ ಅವರನ್ನ. ಎಷ್ಟು ಏರಿಸ್ಬೇಕು ಅಂತ ಅವ್ರಿಗೆ ಗೊತ್ತಾ ಇಲ್ವಾ?"

ನಾನು ಕೇಳಿದೆ.

"ಗೊತ್ತಿದೆ," ಎಂದರು ನರ್ಸ್.

"ಔಷಧಿ ಪಂಪಿನಲ್ಲೇ ಇದೆ ಅಲ್ವಾ?" ಎಂದರು ಗಂಡ.

"ಇದೆ."

"ಮತ್ತೆ?"

ನರ್ಸ್ ಗಂಡನ ಕಡೆಗೇ ತಿರುಗಿ, ಅವರಿಗೆ ಅರ್ಥವಾಗದ ಭಾಷೆಯಲ್ಲಿ, ಅವರ ಕಣ್ಣು ನೋಡಿಯೇ ಮಾತಾಡಿದರು. "ನಾನು ಇದನ್ನು ಒತ್ತಿದರೆ ಅದು ನನ್ನ ಆದೇಶವಾಗುತ್ತದೆ. ಆದೇಶ ಕೊಡುವ ಹಕ್ಕು ನನಗಿಲ್ಲ. ಏನಾದರೂ ಆದರೆ ಉತ್ತರ ಕೊಡುವುದಕ್ಕೆ ನನಗೆ ಭಯವಿಲ್ಲ. ಆದರೆ ಏನೂ ಆಗದಿದ್ದರೂ ನನ್ನ ಪರವಾನಗಿ ಹೋಗಬಹುದು. ಇವತ್ತು ಇನ್ನೂ ನಾಲ್ಕು ಮನೆಗಳಿವೆ. ಅಲ್ಲಿಯೂ ಇಂಥದೇ ಪಂಪುಗಳಿವೆ."

ನಾನು ಅನುವಾದಿಸಿದೆ. ಅವರು ಕೇಳಿಸಿಕೊಂಡು ಹೆಂಡತಿಯ ಕಾಲ ಬಳಿ ಹೋಗಿ ಕೂತರು.

ನರ್ಸ್ ಬಳಿ ಇದ್ದ ಇನ್ನೊಂದೇ ದಾರಿಯನ್ನು ಅವರು ಮೇಡಂ ಮುಂದೆಯೇ ಇಟ್ಟರು. ಆಂಬುಲೆನ್ಸ್ ಕರೆಯಬಹುದು. ಹಾಸಿಗೆ ಸಿಕ್ಕರೆ ಅಲ್ಲಿನ ಡಾಕ್ಟರು ನೋಡಿ ಔಷಧಿ ಹೆಚ್ಚಿಸುತ್ತಾರೆ. ಆದರೆ ಯಜಮಾನರು ಒಳಗೆ ಬರುವಂತಿಲ್ಲ. ಈಗಿನ ಸ್ಥಿತಿಯಲ್ಲಿ ಮತ್ತೆ ಮನೆಗೆ ಬರುವುದು ಆಗಲಿಕ್ಕಿಲ್ಲ. ಇಲ್ಲೇ ಇದ್ದರೆ ಡಾಕ್ಟರು ಬರುವವರೆಗೆ ಈ ನೋವು ಇರುತ್ತದೆ. ಎರಡರಲ್ಲಿ ಯಾವುದು ಎಂಬುದನ್ನು ತಾವೇ ಹೇಳಬೇಕು.

ನಾನು ಒಂದೊಂದೇ ವಾಕ್ಯ ಹೇಳಿದೆ. ಎರಡು ವಾಕ್ಯಗಳ ನಡುವೆ ಆಕೆಯ ನೋವು ಹಾದುಹೋಗುವವರೆಗೆ ಕಾಯಬೇಕಾಗುತ್ತಿತ್ತು.

"ಹೋಗೋಣ ಕಣೆ," ಎಂದರು ಗಂಡ. "ನಾನು ಹೊರಗಡೆನೇ ಇರ್ತೀನಿ. ಗೇಟ್ ಹತ್ರನೇ ಇರ್ತೀನಿ."

"ಗೇಟ್ ಹತ್ರ ಇದ್ದು ಏನ್ ಮಾಡ್ತೀರಿ?"

ಅವರು ಆಕೆಯ ಪಾದಗಳ ಮೇಲೆ ಹೊದಿಕೆ ಎಳೆದರು.

"ಕಾಯ್ತೀನಿ ಅಂತ ಹೇಳಮ್ಮ ಸಿಸ್ಟರ್‌ಗೆ," ಎಂದರು ಮೇಡಂ ನನಗೆ. ಸ್ವಲ್ಪ ಹೊತ್ತಿನ ಮೇಲೆ, "ಆರು. ಕೇಳೋಕ್ ಮುಂಚೆನೇ ಹೇಳಿಬಿಟ್ಟೆ. ಬರ್ಕೊಳ್ಳಲಿ," ಎಂದರು.

ನರ್ಸ್ ತಮ್ಮ ಕೇಂದ್ರಕ್ಕೆ ಫೋನ್ ಮಾಡಿ ಉಳಿದ ನಾಲ್ಕು ಮನೆಗಳಲ್ಲಿ ಎರಡನ್ನು ಸಹೋದ್ಯೋಗಿಗೆ ಒಪ್ಪಿಸಿದರು, ಎರಡನ್ನು ಮುಂದಕ್ಕೆ ಹಾಕಿದರು. ನಿಯಮದ ಒಳಗೆ ಇದ್ದುದನ್ನೆಲ್ಲ ಮಾಡಿದರು. ಮೊಣಕಾಲಿನ ಕೆಳಗೆ ದಿಂಬು ಇಟ್ಟು ಹೊಟ್ಟೆಯ ಬಿಗಿತ ಇಳಿಸಿದರು. ಬಿಸಿನೀರಿನಲ್ಲಿ ಅದ್ದಿದ ಟವೆಲನ್ನು ಬೆನ್ನಿಗೆ ಇಟ್ಟರು. ಆರಿದಾಗ ಗಂಡ ಮತ್ತೆ ಬಿಸಿ ಮಾಡಿ ತಂದರು. ಬೀಗ ತೆರೆದ ಕೂಡಲೆ ನರ್ಸ್ ಆಕೆಯ ಹೆಬ್ಬೆರಳಿಗೆ ತಿಳಿಯುವಂತೆ ಕೈ ಮುಟ್ಟಿ ಹೇಳುತ್ತಿದ್ದರು. ಉಸಿರು ಎಣಿಸುತ್ತಿದ್ದರು. ನಾನು ಕೋಣೆಯ ಮೂಲೆಯಲ್ಲಿ ಕುರ್ಚಿಯಲ್ಲಿ ಕೂತಿದ್ದೆ. ಅನುವಾದಿಸಲು ಬಹಳ ಹೊತ್ತು ಏನೂ ಇರಲಿಲ್ಲ. ಆಕೆ ಮಾಡುತ್ತಿದ್ದ ಶಬ್ದಕ್ಕೆ ಯಾವ ಭಾಷೆಯೂ ಬೇಕಿರಲಿಲ್ಲ.

ಬದಲಿ ಡಾಕ್ಟರು ಬಂದಾಗ ಬೀದಿದೀಪ ಹೊತ್ತುತ್ತಿತ್ತು. ಲಸಿಕೆ ಕೇಂದ್ರದ ಗುರುತಿನ ಪಟ್ಟಿ ಇನ್ನೂ ಕೊರಳಲ್ಲೇ ಇತ್ತು. ಮೂರು ಮಹಡಿ ಓಡಿ ಹತ್ತಿದ್ದರೆಂದು ಉಸಿರಿನಿಂದ ತಿಳಿಯಿತು. ಹೊಟ್ಟೆ ಮುಟ್ಟಿ ನೋಡಿದರು, ಕಣ್ಣಿಗೆ ಬೆಳಕು ಹಿಡಿದು ನೋಡಿದರು, ನನ್ನ ಮೂಲಕ ಎರಡು ಪ್ರಶ್ನೆ ಕೇಳಿದರು. ನಂತರ ನರ್ಸನ್ನು ಕೇಳಿದರು, "ನಿಮ್ಮ ಅಂದಾಜು?" ನರ್ಸ್ ಹೇಳಿದರು. ಅವರು ಅದಕ್ಕಿಂತ ಕೊಂಚ ಕಡಿಮೆಗೆ ಆದೇಶ ಕೊಟ್ಟರು. ಮೊದಲ ಸಲ ನೋಡುತ್ತಿರುವ ರೋಗಿ, ಎಚ್ಚರಿಕೆ ಸಹಜವೇ. ಆದರೆ ಮುಂದಿನ ಹಂತಗಳನ್ನೂ ಅಲ್ಲೇ ಕೂತು ಬರೆದುಕೊಟ್ಟರು, ನರ್ಸ್ ಮತ್ತೆ ಯಾರನ್ನೂ ಕೇಳದೆ ಏರಿಸುವಷ್ಟು. ಎರಡು ಬಟನ್ ಒತ್ತಿದ್ದು ನರ್ಸ್ ಕೈಯೇ.

ಹೊರಡುವ ಮುಂಚೆ ಡಾಕ್ಟರು ಮಂಚದ ಮುಂದೆ ತಲೆ ತಗ್ಗಿಸಿ, ತಡವಾಯಿತು, ಕ್ಷಮಿಸಿ ಎಂದರು. ಅನುವಾದ ಕೇಳಿಸಿಕೊಳ್ಳುವ ಮೊದಲೇ ಮೇಡಂ ನಿದ್ದೆಗೆ ಜಾರಿದ್ದರು. ಗಂಡ ಅದಕ್ಕೆ ಪ್ರತಿಯಾಗಿ ತಲೆ ತಗ್ಗಿಸಿದರು.

ಮಾರನೆಯ ಬೆಳಿಗ್ಗೆ ಆಕೆ ಎಚ್ಚರವಾಗಿದ್ದರು. ನರ್ಸ್ ಕೈ ತೊಳೆದು, ಮಂಡಿಯೂರಿ, ಕೇಳಿದರು.

"ಎರಡು," ಎಂದರು ಮೇಡಂ. ಆಮೇಲೆ ನನ್ನನ್ನು ನೋಡಿ, "ಇದು ಗ್ರೇಸ್ ಅಲ್ಲ. ನಿಜವಾಗ್ಲೂ ಎರಡೇ. ಹೇಳು ಅವಳಿಗೆ."

ಅದನ್ನೂ ಹೇಳಿದೆ. ಎರಡು ಎಂಬುದನ್ನು ನರ್ಸ್ ಅಷ್ಟು ಹೊತ್ತಿಗೆ ಕನ್ನಡದಲ್ಲೇ ಗುರುತು ಹಿಡಿದಿದ್ದರು. ನಾನು ಬಾಯಿ ತೆರೆಯುವ ಮೊದಲೇ ಬರೆದಾಗಿತ್ತು.

ನಾನು ಆ ಮನೆಗೆ ಕೊನೆಯ ಸಲ ಹೋದದ್ದು ಅದಾದ ಮೂರನೆಯ ದಿನ. ಮನೆಯ ಬಾಗಿಲಿಗೆ ನರ್ಸ್ ಮತ್ತು ನಾನು ಒಟ್ಟಿಗೇ ಬಂದೆವು. ಗಂಡ ಬಾಗಿಲು ತೆರೆದು, "ಈಗ ತಾನೇ ಮಲ್ಕೊಂಡ್ಲು. ತುಂಬಾ ಆರಾಮಾಗಿ ಮಲ್ಕೊಂಡಿದಾಳೆ," ಎಂದರು. ಅವರೇ ಹಳೆಯ ಪತ್ರಿಕೆಯ ಹಾಳೆಯೊಂದನ್ನು ಆಗಲೇ ನೆಲಕ್ಕೆ ಹಾಸಿಟ್ಟಿದ್ದರು.

ನರ್ಸ್ ಚೀಲ ಇಟ್ಟರು. ಕೈ ತೊಳೆದರು. ಮಂಚದ ಪಕ್ಕ ಮಂಡಿಯೂರಿದರು. ಆಕೆಯ ಕೈ ಹಿಡಿದು, ಬಹಳ ಹೊತ್ತು ಹಿಡಿದೇ ಇದ್ದರು. ಸ್ಟೆತಸ್ಕೋಪ್ ಇಟ್ಟು ಕೇಳಿದರು. ಗಡಿಯಾರ ನೋಡಿಕೊಂಡರು. ರವಿಕೆ ಬಟ್ಟೆಯ ಚೀಲದಲ್ಲಿ ಪಂಪ್ ಇನ್ನೂ ಓಡುತ್ತಿತ್ತು. ಅದನ್ನು ನಿಲ್ಲಿಸುವುದಕ್ಕೂ ಆದೇಶ ಬೇಕು. ಸಾವನ್ನು ಸಾವೆಂದು ಹೇಳುವ ಅಧಿಕಾರವೂ ಡಾಕ್ಟರದ್ದೇ. ನರ್ಸ್ ಎದ್ದು ಬಾಲ್ಕನಿಗೆ ಹೋಗಿ ಫೋನ್ ಮಾಡಿ, ಹಿಂತಿರುಗಿ, ನನಗೆ ಹೇಳಿದರು. "ಡಾಕ್ಟರನ್ನು ಕರೆದಿದ್ದೇನೆ, ಬರುತ್ತಿದ್ದಾರೆ ಎಂದು ಹೇಳಿ. ಇದಕ್ಕಿಂತ ಹೆಚ್ಚು ಹೇಳಲು ನನಗೆ ಆಗುವುದಿಲ್ಲ."

ನಾನು ಅಷ್ಟನ್ನೇ ಹೇಳಿದೆ.

ಗಂಡ ಮಂಚದ ಆ ಬದಿಯಲ್ಲಿ ಕೂತಿದ್ದರು. ನರ್ಸ್ ಹಿಡಿದು ಬಿಟ್ಟಿದ್ದ ಕೈಯನ್ನು ಈಗ ಅವರು ಹಿಡಿದಿದ್ದರು.

"ಇವತ್ತು ಸಿಸ್ಟರ್ ನಂಬರ್ ಕೇಳ್ಲಿಲ್ಲ," ಎಂದರು.

ಅದನ್ನು ಅವರು ಯಾರಿಗೆ ಹೇಳಿದರೋ ತಿಳಿಯಲಿಲ್ಲ. ಆ ಕೋಣೆಯಲ್ಲಿ ಆಡಿದ ಮಾತೆಲ್ಲ ನನ್ನ ಕೆಲಸ. ನಾನು ಅದನ್ನು ಜಪಾನಿ ಭಾಷೆಯಲ್ಲಿ ಹೇಳಿದೆ. ನರ್ಸ್ ತಮ್ಮ ಜಾಗಕ್ಕೆ ಹೋಗಿ, ಅವರ ಎದುರು ಬದಿಯಲ್ಲಿ ಮತ್ತೆ ಮಂಡಿಯೂರಿ, ಡಾಕ್ಟರು ಬರುವವರೆಗೆ ಹಾಗೇ ಕೂತಿದ್ದರು.